ಮಿಲ್ಟ್ರಿ ಅಮಸಿದ್ದಪ್ಪನ ಡಯಟ್ಟು

ಮೊದಲು ಒಂದು ಒಗಟು. ಬಾಯಿಯೊಳಗೆ ಹಾಕಿಕೊಂಡರೆ ಹೊಟ್ಟೆ ಕರಗುತ್ತದೆ, ಅದರೊಳಗೆ ಹೋಗಿ ಕುಂತರೆ ಹೊಟ್ಟೆ ಬರುತ್ತದೆ. ಒಂದಕ್ಕೆ ಹಲ್ಲು ಬೇಕು, ಇನ್ನೊಂದಕ್ಕೆ ಗೇಟು ಇದೆ. ಎರಡಕ್ಕೂ ಹೆಸರು ಒಂದೇ. ಏನದು?

ಗೊತ್ತಾಗಲಿಲ್ಲ. ಗೊತ್ತಾಗುವುದೂ ಇಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ಮಾಸ್ತರರನ್ನು ಕೇಳಿದ್ದಾಗಿದೆ. ಅವರು ಉತ್ತರ ಹೇಳುವ ಬದಲು ನನ್ನ ಅಪ್ಪನ ಹೆಸರು ಕೇಳಿದರು. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯಲ್ಲಿ ಕಮತಗಿಯ ಸಿಪಾಯಿ ಅಮಸಿದ್ದಪ್ಪನ ಬಲತೋಳು ಹದಿನೇಳು ಇಂಚು ಇತ್ತು. ಎಡತೋಳೂ ಹದಿನೇಳೇ ಇತ್ತು. ಎರಡೂ ಸರ್ಕಾರದ ಅನ್ನ ತಿಂದು ಬೆಳೆದ ತೋಳುಗಳಾದ್ದರಿಂದ ಒಂದಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಮಾಡಲು ಅವಕಾಶವಿರಲಿಲ್ಲ.

ಅಮಸಿದ್ದಪ್ಪನದು ಕುರಿಗಾರರ ದೇವರಾದ ಬೀರಪ್ಪನಿಗೆ ನಡೆದುಕೊಳ್ಳುವ ಮನೆತನ. ಟಗರು ಹೊತ್ತು, ಕುರಿ ಎತ್ತಿ ಆ ಮನೆಯವರ ತೋಳು ಗಟ್ಟಿಯಾಗಿಯೇ ಇದ್ದವು. ಆದರೆ ಯಾರೂ ಟೇಪು ಹಿಡಿದು ಅಳೆದಿರಲಿಲ್ಲ. ಮಿಲ್ಟ್ರಿಯವರು ಅಳೆದರು. ಅಳೆದವರೇ ಅವನನ್ನು ಪಲ್ಟನ್ನಿನ ಬಾಡಿಬಿಲ್ಡಿಂಗ್ ತಂಡಕ್ಕೆ ಹಾಕಿದರು. ತಂಡದವರಿಗೆ ದಿನಾ ಹನ್ನೆರಡು ತತ್ತಿ, ಚರಿಗೆ ತುಂಬ ಹಾಲು, ಬೇಯಿಸಿದ ಕೋಳಿ, ಪಹರೆ ಮಾಫಿ. ತಂಡದಿಂದ ಹೆಸರು ಹಾರಿದವನಿಗೆ ಮೇಲಿನ ಪೋಸ್ಟು. ಮೇಲಿನ ಪೋಸ್ಟೆಂದರೆ ಹಿಮದ ನಡುವೆ ಒಂದು ತಗಡಿನ ಖೋಲಿ. ಅಲ್ಲಿ ಉಚ್ಚೆ ಹೊಯ್ದರೆ ಅದು ನೆಲ ಮುಟ್ಟುವುದರೊಳಗೆ ಬಡಿಗೆಯಾಗುತ್ತದೆ, ಅದೇ ಬಡಿಗೆಯಿಂದ ಸಿಪಾಯಿಗಳು ಡೇರೆಯ ಗೂಟ ಬಡಿಯುತ್ತಾರೆ ಎಂದು ಅಲ್ಲಿದ್ದು ಬಂದವರು ಹೇಳುತ್ತಾರೆ. ಹೀಗಾಗಿ ಅಮಸಿದ್ದಪ್ಪ ದೇಶವನ್ನು ಮುಖ್ಯವಾಗಿ ತೋಳಿನಿಂದಲೇ ಪ್ರೀತಿಸುತ್ತಿದ್ದ.

ಸ್ಪರ್ಧೆ ಜೂನಿನಲ್ಲಿತ್ತು. ಅದಕ್ಕಿಂತ ಮೊದಲು ಅವನ ಎರಡು ತಿಂಗಳ ರಜೆ ಬಂತು. ಸುಬೇದಾರ ಸಾಹೇಬರು ಕರೆದು ಹೇಳಿದರು: "ಹೋಗು. ಆದರೆ ಡಯಟ್ ಮತ್ತು ಟ್ರೇನಿಂಗ್ ಒಂದು ದಿನವೂ ತಪ್ಪತಕ್ಕದ್ದಲ್ಲ. ತಪ್ಪಿಲ್ಲವೆಂದು ನಿಮ್ಮ ಕಡೆಯ ಸಂಬಂಧಪಟ್ಟ ಅಧಿಕಾರಿಯ ಶಿಕ್ಕಾ ಒತ್ತಿದ ಕಾಗದ ತರತಕ್ಕದ್ದು. ಶಿಕ್ಕಾ ಇಲ್ಲದೆ ಬಂದರೆ ಮೇಲಿನ ಪೋಸ್ಟು." ಇದನ್ನು ಅವರು ಹಿಂದಿಯಲ್ಲಿ ಹೇಳಿದರು. ಹಿಂದಿಯಲ್ಲಿ ಇನ್ನೂ ಜೋರಾಗಿ ಕೇಳಿಸಿತು.

ಕಮತಗಿಯ ಮನೆಯಲ್ಲಿ ಮೊದಲ ದಿನವೇ ಅವ್ವ ರೇಣವ್ವ ಕೈಸೋತಳು. ಮಗ ಉಪ್ಪು ಬೇಡವೆಂದ, ಎಣ್ಣೆ ಬೇಡವೆಂದ, ಹೋಳಿಗೆಯನ್ನು ಹಾವು ನೋಡಿದಂತೆ ನೋಡಿ ಹಿಂದೆ ಸರಿದ.

"ಉಪ್ಪಿಲ್ಲ, ಎಣ್ಣಿಲ್ಲ, ಬೆಲ್ಲಿಲ್ಲ. ಮಿಲ್ಟ್ರಿಯವರು ನಿನಗೇನ್ ಬಾಣಂತಿ ಅಂತ ತಿಳ್ಕೊಂಡಾರೇನೋ?" ಅಂದಳು ರೇಣವ್ವ.

"ಯವ್ವಾ, ಇದು ಡಯಟ್."

"ಡಯಟ್ಟಂದ್ರ?"

"ತಿನ್ನೂದು. ಆದ್ರ ಬೇಕಾದ್ದು ತಿನ್ನಬಾರದು."

"ಅದಕ್ಕ ನಮ್ಮಲ್ಲಿ ಬಡತನ ಅಂತಾರ."

ತತ್ತಿಯ ಬಿಳಿ ಅವನು ತಿಂದು ಹಳದಿಯನ್ನು ನಾಯಿಗೆ ಹಾಕುತ್ತಿದ್ದ. ವಾರದೊಳಗೆ ನಾಯಿ ಎದೆ ಮುಂದೆ ಮಾಡಿ ಓಣಿಯಲ್ಲಿ ಅಡ್ಡಾಡತೊಡಗಿತು. ಮುಂಜಾನೆ ಸಂಗ್ರಾಣಿ ಕಲ್ಲು ಎತ್ತುವುದು, ಸಂಜೆ ಟಗರನ್ನು ಹೆಗಲ ಮೇಲೆ ಹಾಕಿಕೊಂಡು ಬೈಠಕ್ ಹೊಡೆಯುವುದು. ಟಗರಿಗೂ ಅದು ರೂಢಿಯಾಗಿ, ಹೊತ್ತು ಮುಳುಗಿದೊಡನೆ ತಾನೇ ಬಂದು ನಿಲ್ಲುತ್ತಿತ್ತು. ತೋಳು ನೆಟ್ಟಗಿತ್ತು. ಇಲ್ಲದ್ದು ಶಿಕ್ಕಾ ಒಂದೇ.

ಶಿಕ್ಕಾಕ್ಕಾಗಿ ಅವನು ಬಸ್ಸು ಹತ್ತಿ ಹುನಗುಂದಕ್ಕೆ ಹೋಗಿ ಒಂದು ಕಚೇರಿ ಹೊಕ್ಕ. ಯಾವ ಕಚೇರಿಯೆಂದು ಕೇಳಬೇಡಿರಿ. ಒಳಗೆ ಕುಂತವರಿಗೂ ಖಾತ್ರಿ ಇರಲಿಲ್ಲ. ಗುಮಾಸ್ತ ಅಂದಪ್ಪ ತೋಳು ನೋಡಿ ಸಾಹೇಬರೆಂದು ಎದ್ದು ನಿಂತ. ಕೈಯಲ್ಲಿ ಅರ್ಜಿ ನೋಡಿ ಕುಂತ.

"ಏನ್ರಿ?"

"ಡಯಟ್ ಮತ್ತ ಟ್ರೇನಿಂಗ್ ತಪ್ಪಿಲ್ಲ ಅಂತ ಒಂದು ಶಿಕ್ಕಾ ಬೇಕಿತ್ರಿ."

ಅಂದಪ್ಪ ವಿಚಾರ ಮಾಡಿದ. "ಜಾತಿದು ಕೊಡ್ತೇವಿ. ಉತ್ಪನ್ನದ್ದು ಕೊಡ್ತೇವಿ. ಬದುಕೀರಿ ಅಂತ ಕೊಡ್ತೇವಿ, ಸತ್ತೀರಿ ಅಂತನೂ ಕೊಡ್ತೇವಿ. ಡಯಟ್ಟಿಂದು ಮಾತ್ರ ನಮ್ಮ ಕಡೆ ಬರಂಗಿಲ್ರಿ."

"ಮತ್ತ ಯಾರ ಕಡೆ ಬರ್ತೈತ್ರಿ?"

"ಡಯಟ್ಟಿಂದು ಡಯಟ್ಟಿನ್ಯಾಗ. ಶಿರೂರಾಗ ಐತಲ್ಲ, ಹೋಗ್ರಿ. ಟ್ರೇನಿಂಗೂ ಅಲ್ಲೇ ನಡದೈತಿ."

ಅಮಸಿದ್ದಪ್ಪನ ಮೈಮೇಲೆ ಮುಳ್ಳೆದ್ದವು. ದೇಶದ ಎಂಟು ರಾಜ್ಯ ಸುತ್ತಿದ್ದ. ಸರ್ಕಾರವೇ ಡಯಟ್ಟು ಮಾಡಿಸುವುದನ್ನು ಎಲ್ಲಿಯೂ ಕಂಡಿರಲಿಲ್ಲ. ನಮ್ಮ ಕಡೆಯವರು ಹಿಂದುಳಿದವರೆಂದು ಪಲ್ಟನ್ನಿನಲ್ಲಿ ಅನ್ನುತ್ತಿದ್ದವರ ಮುಖ ನೆನೆದು ಅವನಿಗೆ ಸಮಾಧಾನವಾಯಿತು.

ಶಿರೂರಿನ ಹೊರಗೆ ಆಗ ಒಂದು ಡಯಟ್ ಉಪಕೇಂದ್ರವಿತ್ತು. ಈಗ ಹೋಗಿ ಹುಡುಕಬೇಡಿರಿ, ಸಿಗುವುದಿಲ್ಲ. ಡಯಟ್ ಎಂದರೆ ಸಾಲಿ ಮಾಸ್ತರರಿಗೆ ಪಾಠ ಹೇಳುವುದನ್ನು ಕಲಿಸುವ ಸಂಸ್ಥೆ. ಅದರ ಇಂಗ್ಲಿಷ್ ಹೆಸರು ಬೋರ್ಡಿಗೆ ಹಿಡಿಸದಷ್ಟು ಉದ್ದವಾದ್ದರಿಂದ ಮೊದಲ ಅಕ್ಷರಗಳನ್ನಷ್ಟೇ ಕೂಡಿಸಿ ಡಯಟ್ ಎನ್ನುತ್ತಾರೆ. ಬೇಸಿಗೆ ರಜೆಯಲ್ಲಿ ಮಾಸ್ತರರು ಮನೆಯಲ್ಲಿ ಆರಾಮಾಗಿ ಇದ್ದಾರೆಂಬ ವರದಿ ಬಂದಾಗಲೆಲ್ಲ ಅಲ್ಲಿ ಶಿಬಿರ ನಡೆಯುತ್ತದೆ. ಆ ವರ್ಷದ ಶಿಬಿರದ ಹೆಸರನ್ನು ಬಟ್ಟೆಯ ಮೇಲೆ ಬರೆದು ಗೇಟಿಗೆ ಕಟ್ಟಿದ್ದರು: ಶಿಕ್ಷಕರ ಸಬಲೀಕರಣ ಶಿಬಿರ.

ಗೇಟಿನಲ್ಲಿ ಜವಾನ ಈರಪ್ಪ ಕುಂತಿದ್ದ.

"ಇದ ಏನ್ರಿ ಡಯಟ್ಟು?"

"ಇದ."

"ಟ್ರೇನಿಂಗ್?"

"ನಡದೈತಿ. ಲಗೂನ ಒಳಗ ನಡೀರಿ, ಒಬ್ಬ ಕಡಿಮಿ ಬಿದ್ದಾನ."

ಒಳಗೆ ನಲವತ್ತು ಕುರ್ಚಿಗಳಿದ್ದವು, ಮೂವತ್ತೊಂಬತ್ತು ಮಾಸ್ತರರಿದ್ದರು. ನಲವತ್ತನೆಯ ಮುತ್ತಪ್ಪ ಮಾಸ್ತರ ಸೋದರತ್ತೆಯ ಮಗಳ ಲಗ್ನಕ್ಕೆ ಹೋದವನು ಮರಳಿರಲಿಲ್ಲ. ನಲವತ್ತು ಜನ ಕೂಡದಿದ್ದರೆ ಶಿಬಿರವೇ ನಡೆದಿಲ್ಲವೆಂದು ತಿಳಿಯತಕ್ಕದ್ದು ಎಂಬ ನಿಯಮವಿತ್ತು. ಪ್ರಾಚಾರ್ಯ ಸಂಗಯ್ಯನವರು ಅಮಸಿದ್ದಪ್ಪನ ಅರ್ಜಿ ಇಸಿದುಕೊಂಡು, ಓದದೆ ಒಪ್ಪಿ, ಖಾಲಿ ಕುರ್ಚಿಯಲ್ಲಿ ಕೂಡಿಸಿದರು. "ಸದ್ಯ ಮುತ್ತಪ್ಪನ ಹೆಸರಿನ ಮುಂದ ಸಹಿ ಮಾಡ್ರಿ. ಹೆಸರಿಂದು ಮುಂದ ನೋಡೋಣಂತ."

ಅರ್ಧ ತಾಸಿನಲ್ಲಿ ಅಮಸಿದ್ದಪ್ಪನ ಕೈಗೆ ಕತ್ತರಿ, ರಟ್ಟು ಬಂದವು. ಎರಡು ಎಂಬ ಅಂಕಿ ಕಲಿಸಲು ಬಾತುಕೋಳಿ ಕತ್ತರಿಸಬೇಕಿತ್ತು. ಎಲ್ಲೋ ತಪ್ಪಾಗಿದೆ ಎಂದು ಅವನಿಗೆ ಅನಿಸಿತು. ಎದ್ದು ಸಂಗಯ್ಯನವರ ಖೋಲಿಗೆ ಹೋದ.

"ಸರ, ನನ್ನ ಡಯಟ್ಟಂದ್ರ ಊಟದ್ದು ರೀ."

"ಊಟ ಐತಲ್ಲ. ಹನ್ನೊಂದಕ್ಕ ಉಪ್ಪಿಟ್ಟು, ಒಂದಕ್ಕ ಅನ್ನ ಸಾರು, ನಾಲ್ಕಕ್ಕ ಚಾ ಚೂಡಾ."

"ನನ್ನ ಟ್ರೇನಿಂಗ್ ಬ್ಯಾರೆ ರೀ."

"ಟ್ರೇನಿಂಗೂ ಐತಿ. ಆರು ವಾರ. ಮುಗಿದ ಮ್ಯಾಲೆ ಶಿಕ್ಕಾ ಹೊಡೆದು ಕೊಡ್ತೇವಿ, ಡಯಟ್ಟಿನಲ್ಲಿ ಟ್ರೇನಿಂಗ್ ತಪ್ಪದೆ ಪಡೆದಿರುತ್ತಾರೆ ಅಂತ." ಸಂಗಯ್ಯನವರು ಕನ್ನಡಕ ಇಳಿಸಿ ನೋಡಿದರು. "ಈಗ ಹೇಳ್ರಿ, ಇದರಾಗ ನಿಮಗ ಯಾವ ಶಬ್ದ ಕಡಿಮಿ ಬಿದ್ದೈತಿ?"

ಅಮಸಿದ್ದಪ್ಪ ಬೆರಳು ಮಡಚಿ ನೋಡಿದ. ಡಯಟ್ ಇತ್ತು, ಟ್ರೇನಿಂಗ್ ಇತ್ತು, ತಪ್ಪದೆ ಎಂಬುದೂ ಇತ್ತು. ಸುಬೇದಾರರು ಕೇಳಿದ ಶಬ್ದಗಳಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ಅವನು ಹೋಗಿ ಬಾತುಕೋಳಿ ಕತ್ತರಿಸಿದ.

ಆದರೆ ತೋಳಿಗೆ ಶಬ್ದ ತಿಳಿಯುವುದಿಲ್ಲ, ತತ್ತಿ ತಿಳಿಯುತ್ತದೆ. ಮುಂಜಾನೆಯ ಬಸ್ಸಿಗೆ ಶಿರೂರಿಗೆ ಬಂದು ಸಂಜೆಯ ಬಸ್ಸಿಗೆ ಮನೆಗೆ ಹೋದರೆ ಕಲ್ಲಿಗೂ ಹೊತ್ತಿಲ್ಲ, ಟಗರಿಗೂ ಹೊತ್ತಿಲ್ಲ. ಮೊದಲ ವಾರದಲ್ಲಿ ಅರ್ಧ ಇಂಚು ಹೋಯಿತು. ಅವನು ಡಬ್ಬಿಯಲ್ಲಿ ಹನ್ನೆರಡು ಬೇಯಿಸಿದ ತತ್ತಿ ತರತೊಡಗಿದ. ಸಂಗಯ್ಯನವರು ಮಡಿವಂತರು, ವಾಸನೆ ಹಿಡಿದು ಬಂದರು.

"ನಿಯಮ ಏಳು ಓದೀರೇನು? ಕಲಿಕೋಪಕರಣ ಅಲ್ಲದ ಯಾವ ವಸ್ತುವನ್ನೂ ತರಗತಿಯೊಳಗ ತರಕೂಡದು."

ಮಗ್ಗಲ ಕುರ್ಚಿಯ ಸುರೇಖಾ ಅಕ್ಕೋರು, ಹುನಗುಂದದ ಕಡೆಯ ಒಂದು ಸಾಲಿಯ ಶಿಕ್ಷಕಿ, ನಾಲಿಗೆ ಹರಿತ, ಅಲ್ಲೇ ಎದ್ದರು. "ಸರ, ಅದು ಕಲಿಕೋಪಕರಣನ ರೀ. ಕಳೆಯುವ ಲೆಕ್ಕದ್ದು. ತೋರಸ್ರಿ ಮಿಲ್ಟ್ರಿ ಮಾಸ್ತರ. ಹನ್ನೆರಡರಾಗ ನಾಕು ಹೋದ್ರ?"

ಅಮಸಿದ್ದಪ್ಪ ಎಲ್ಲರೆದುರು ನಾಲ್ಕು ತತ್ತಿ ತಿಂದ. ಡಬ್ಬಿ ತೋರಿಸಿದ. "ಎಂಟ್ರಿ."

ಸಂಗಯ್ಯನವರು ದೂರದಿಂದಲೇ ಬೆರಳು ಮಾಡಿ ಎಂಟನ್ನೂ ಎಣಿಸಿದರು. ಆಮೇಲೆ, "ಭಾಳ ಸರಳ ಐತಿ" ಅಂದರು. "ಆದ್ರ ಉಳಿದ ಎಂಟು ಕಲಿಕೋಪಕರಣ ಕಪಾಟಿನ್ಯಾಗ ಇಡಬೇಕು. ನಿಯಮ ಎಂಟು. ಮೂರು ವರ್ಷ ಜೋಪಾನ ಮಾಡಬೇಕು."

ಮೂರು ವರ್ಷ ಎಂಬ ಮಾತು ಕೇಳಿ ಇಡೀ ತರಗತಿ ಮೂಗು ಮುಚ್ಚಿಕೊಂಡಿತು. ಅಮಸಿದ್ದಪ್ಪ ತಡಮಾಡದೆ, "ಸರ, ಎಂಟರಾಗ ಎಂಟು ಹೋದ್ರ?" ಎಂದವನೇ ತಿನ್ನಲು ಹತ್ತಿದ. ತಿಂದು ಮುಗಿಸಿ ಖಾಲಿ ಡಬ್ಬಿಯನ್ನು ಬೋರಲು ಹಾಕಿ ತೋರಿಸಿದ.

ಸಂಗಯ್ಯನವರ ಕಣ್ಣಲ್ಲಿ ನೀರು ಬಂತು. "ಸೊನ್ನಿ," ಅಂದರು. "ಮೂವತ್ತು ವರ್ಷ ಸೊನ್ನಿ ಕಲಿಸೇನಿ. ಕಣ್ಣಿಂದ ಇವತ್ತ ನೋಡಿದೆ."

ಮರುದಿನ ಗೋಡೆಗೆ ಹಚ್ಚಿದ ಪ್ರಕಟಣೆ ಹೀಗಿತ್ತು: "ಈ ಮೂಲಕ ಸಮಸ್ತ ಶಿಬಿರಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಕಳೆಯುವ ಲೆಕ್ಕವನ್ನು ತತ್ತಿಯ ಮೂಲಕವೇ ಬೋಧಿಸತಕ್ಕದ್ದು. ತತ್ತಿ ನಡೆಯದವರು ಬಾಳೆಹಣ್ಣು, ಶೇಂಗಾ, ಗಟ್ಟಿ ಮೊಸರಿನಿಂದ ಕಳೆಯತಕ್ಕದ್ದು. ಯಾರೂ ಉಳಿಸತಕ್ಕದ್ದಲ್ಲ. ಶ್ರೀ ಅಮಸಿದ್ದಪ್ಪ ಅವರನ್ನು ಸಂಪನ್ಮೂಲ ವ್ಯಕ್ತಿಯೆಂದು ನೇಮಿಸಲಾಗಿದೆ."

ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಸಂಪನ್ಮೂಲ ವ್ಯಕ್ತಿಯು ಉಪಕರಣ ಮುಟ್ಟಕೂಡದು. ಮಾಡಿ ಕಲಿಯುವುದು ಶಿಬಿರಾರ್ಥಿಗಳ ಹಕ್ಕು.

ಹೀಗೆ ತತ್ತಿ ತಂದವನು ಕುರ್ಚಿಯ ಮೇಲೆ ಕುಂತ, ಉಳಿದವರು ತಿಂದರು. ಭಾರದ ಪಾಠ ಬಂದಾಗ ಸಂಗ್ರಾಣಿ ಕಲ್ಲು ತರಿಸಿದ. ಹಗುರ, ಭಾರ ಎಂದು ಮಾಸ್ತರರು ಎತ್ತಿದರು, ಅವನು "ಶಾಬಾಸ್" ಅಂದ. ಕಲ್ಲಿಗೆ ಅವನ ಕೈ ಹೋದರೆ ಈರಪ್ಪ ಓಡಿ ಬಂದು, "ಸರ, ನೀವು ಸಂಪನ್ಮೂಲ ಅದೀರಿ, ಮುಟ್ಟಬ್ಯಾಡ್ರಿ" ಎನ್ನುತ್ತಿದ್ದ. ಸಂಪನ್ಮೂಲ ವ್ಯಕ್ತಿಗೆ ಉಪ್ಪಿಟ್ಟು ಎರಡು ಸಲ, ಚಹಾ ಬೇಕಾದಷ್ಟು, ಸಿರಾ ಬೇಡವೆಂದರೂ ಇತ್ತು. ಬೇಡವೆನ್ನುವುದು ಸಂಸ್ಥೆಗೆ ಅವಮಾನವೆಂದು ನಿಯಮ ಒಂಬತ್ತು ಹೇಳುತ್ತಿತ್ತು.

ಈ ನಡುವೆ ಲಗ್ನ ಮುಗಿಸಿಕೊಂಡು ನಿಜವಾದ ಮುತ್ತಪ್ಪ ಮಾಸ್ತರ ಬಂದ. ಸೀಮೆಸುಣ್ಣದ ಕಡ್ಡಿಯಂಥ ಮನುಷ್ಯ. ಗಾಳಿ ಬಿಟ್ಟರೆ ಗೋಡೆ ಹಿಡಿಯುತ್ತಿದ್ದ.

"ಮುತ್ತಪ್ಪ ಒಂದನೇ ದಿನದಿಂದ ಹಾಜರ ಅದಾನ," ಅಂದರು ಸಂಗಯ್ಯನವರು. "ನೀ ಯಾರು?"

"ನಾನ ಮುತ್ತಪ್ಪ ರೀ, ಸರ!"

"ಹಂಗಾರ ದಿನಾ ಸಹಿ ಮಾಡಾಂವ ಯಾರು?"

"ಅವ ಅಮಸಿದ್ದಪ್ಪಂತ ರೀ, ಮಿಲ್ಟ್ರಿಯಾಂವ. ಗೇಟಿನ್ಯಾಗ ಈರಪ್ಪ ಹೇಳಿದ."

ಸಂಗಯ್ಯನವರು ಕಾಗದ ತಿರುವಿ ನೋಡಿದರು. "ಖರೆ. ಅಮಸಿದ್ದಪ್ಪನ ಅರ್ಜಿ ಮಂಜೂರಾಗೈತಿ, ಅಮಸಿದ್ದಪ್ಪನ ಸಹಿ ಒಂದೂ ಇಲ್ಲ. ಆ ಜಾಗಾ ಖಾಲಿ ಐತಿ. ಅಮಸಿದ್ದಪ್ಪ ಅಂತ ಸಹಿ ಮಾಡಿ ಕುಂಡ್ರು. ಎರಡು ಹೆಸರು, ಎರಡು ಮನಷ್ಯಾ. ಲೆಕ್ಕ ಬರೋಬ್ಬರಿ."

ಮುತ್ತಪ್ಪ ಕುಂತ. ಕುಂತವನ ಮುಂದೆ ತತ್ತಿ ಇಟ್ಟರು. ಲಗ್ನದ ಊಟ ಉಂಡು ಬಂದವನ ಜಠರ ಆಗಲೇ ಕಾದಿತ್ತು. ಅವನು ಹನ್ನೆರಡರಲ್ಲಿ ಹನ್ನೆರಡು ಕಳೆದ. ಸಾಲದೆಂದು ಪಕ್ಕದವರ ಹನ್ನೆರಡರಲ್ಲಿಯೂ ಕಳೆದ. ಅಂಥ ಗಣಿತ ಶಿರೂರು ಕಂಡಿರಲಿಲ್ಲ. ಮೂರನೆಯ ವಾರ ಅವನ ಅಂಗಿಯ ತೋಳು ಬಿಚ್ಚಿತು. ಐದನೆಯ ವಾರ ಅವನು ಕಲಿಕೋಪಕರಣ ಕಪಾಟನ್ನು ಒಬ್ಬನೇ ಎತ್ತಿ ಕಸ ಗುಡಿಸಿದ. ಆರು ವಾರದಲ್ಲಿ ಇಷ್ಟು ಬೆಳೆಯುವುದನ್ನು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಹಾಜರಿ ಪುಸ್ತಕ ಒಪ್ಪಿದೆ.

ಬಾಗಲಕೋಟೆಯಿಂದ ತಪಾಸಣೆಗೆ ಒಬ್ಬ ಸಾಹೇಬರು ಬಂದಾಗ ನಲವತ್ತು ಜನ ಅಂಗಿ ತೆಗೆದು, ಉಸಿರು ಹಿಡಿದು, ಬೆನ್ನು ಅಗಲಿಸಿ ನಿಂತಿದ್ದರು. ಸುರೇಖಾ ಅಕ್ಕೋರು ಮತ್ತು ಉಳಿದ ಅಕ್ಕೋರು ಸೀರೆಯ ಸೆರಗು ಕಟ್ಟಿ ಬೆಂಚು ಎತ್ತಿ ಹಿಡಿದಿದ್ದರು. ಹೀಗೆ ಹೇಳಿದರೆ ಅಂಗಿ ತೆಗೆದವರು ನಲವತ್ತಕ್ಕಿಂತ ಕಡಿಮೆ ಆಗುತ್ತಾರೆ, ಆದರೆ ತಪಾಸಣೆ ವರದಿಯಲ್ಲಿ ನಲವತ್ತು ಎಂದೇ ಇದೆ. ಸಾಹೇಬರು ಬಟ್ಟೆಯ ಮೇಲಿನ ಹೆಸರನ್ನು ಎರಡು ಸಲ ಓದಿದರು. "ರಾಜ್ಯದಾಗ ಇಂಥಾವು ನೂರು ಸಬಲೀಕರಣ ನೋಡೇನಿ. ಸಬಲ ಆದ ಮಾಸ್ತರನ್ನ ಮೊದಲ ಸಲ ನೋಡಿದೆ" ಎಂದು, ಮುತ್ತಪ್ಪನ ತೋಳು ಮುಟ್ಟಿ ನೋಡಿ, ಕೈ ಹಿಂದೆ ತೆಗೆದುಕೊಂಡರು.

ಅಂದು ಸಂಜೆ ಅಮಸಿದ್ದಪ್ಪ ಮನೆಗೆ ಬಂದು ಟೇಪು ತೆಗೆದ. ಬಲತೋಳು ಹದಿಮೂರು. ಎಡತೋಳು ಹದಿಮೂರು. ಹೊಟ್ಟೆ ಅಳೆಯಲು ಟೇಪು ಸಾಕಾಗಲಿಲ್ಲ. ಕಟ್ಟೆಯ ಮೇಲೆ ಕುಂತು ಎರಡೂ ಕೈ ನೋಡಿಕೊಂಡ. ಮೊದಲ ಸಲ ಅವನಿಗೆ ಅಳು ಬಂತು.

"ಯವ್ವಾ, ಹಿಮದಾಗ ಸಾಯ್ತೇನಿ."

ರೇಣವ್ವ ರೊಟ್ಟಿ ಬಡಿಯುತ್ತ ಅವನನ್ನು ಮೇಲೆ ಕೆಳಗೆ ನೋಡಿದಳು. "ಬಂದಾಗ ಕೋಣನಂಗ ಇದ್ದಿ. ಈಗ ಮನಷ್ಯಾರಂಗ ಕಾಣ್ತಿ. ಯಾವ ಸೂಳೇಮಗ ನಿನ್ನ ಹಿಮಕ್ಕ ಕಳಸ್ತಾನ ನೋಡ್ತೇನಿ, ಉಣ್ಣು."

"ಶಿಕ್ಕಾ ಸಿಕ್ರ ಸಾಕವ್ವ. ಶಿಕ್ಕಾ ಇದ್ರ ಸುಬೇದಾರ ಸಾಹೇಬ್ರು ತೋಳು ನೋಡಂಗಿಲ್ಲ."

ಕೊನೆಯ ದಿನ ಶಿಕ್ಕಾ ಹೊಡೆದ ಕಾಗದಗಳನ್ನು ಹಂಚಿದರು. ಸಂಗಯ್ಯನವರು "ಮುತ್ತಪ್ಪ" ಎಂದು ಕೂಗಿ ಅಮಸಿದ್ದಪ್ಪನ ಕೈಗೆ ಒಂದು ಕೊಟ್ಟರು: ಇವರು ಒಂದನೆಯದರಿಂದ ನಾಲ್ಕನೆಯ ಇಯತ್ತೆಯವರೆಗೆ ಪಾಠ ಹೇಳಲು ಯೋಗ್ಯರು. ಆಮೇಲೆ "ಅಮಸಿದ್ದಪ್ಪ" ಎಂದು ಕೂಗಿ ಮುತ್ತಪ್ಪನ ಕೈಗೆ ಒಂದು ಕೊಟ್ಟರು: ಈ ಸಿಪಾಯಿಯು ಡಯಟ್ಟಿನಲ್ಲಿ ಟ್ರೇನಿಂಗನ್ನು ಒಂದು ದಿನವೂ ತಪ್ಪದೆ ಪಡೆದಿರುತ್ತಾರೆ.

ಅಮಸಿದ್ದಪ್ಪ ಮುಂದೆ ಬಂದ. "ಸರ, ಅದು ನಂದು ರೀ. ನಾಡದ ನಾ ಡ್ಯೂಟಿಗೆ ಹಾಜರಾಗಬೇಕ್ರಿ."

"ಸಹಿ ಯಾರ್ದು?"

"ಮುತ್ತಪ್ಪಂದು ರೀ."

"ತತ್ತಿ ಯಾರು ತಿಂದ್ರು?"

"ಮುತ್ತಪ್ಪ ರೀ."

"ತೋಳು ಯಾರ್ದು ಬೆಳೀತು?"

ಅಮಸಿದ್ದಪ್ಪ ಮುತ್ತಪ್ಪನ ಕಡೆ ಬೆರಳು ಮಾಡಿದ.

"ಡಯಟ್ ಅವಂದು, ಟ್ರೇನಿಂಗ್ ಅವಂದು, ತೋಳು ಅವಂದು, ಕಾಗದ ಅವಂದು," ಅಂದರು ಸಂಗಯ್ಯನವರು ಮೆಲ್ಲಗೆ. "ನೀ ಹೋಗಿ ಅಲ್ಲೇನ್ ಮಾಡಾಂವ, ತಮ್ಮಾ?"

ಇದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ಮುತ್ತಪ್ಪನನ್ನು ನೋಡಿದರು. ಮುತ್ತಪ್ಪ ಅಂಗಿಯ ಗುಂಡಿ ಹಾಕಲು ನೋಡುತ್ತಿದ್ದ, ಗುಂಡಿ ಒಪ್ಪುತ್ತಿರಲಿಲ್ಲ. ಅವನು ಅಮಸಿದ್ದಪ್ಪನನ್ನು ಮೂಲೆಗೆ ಕರೆದ.

"ಅಲ್ಲೆ ದಿನಾ ತತ್ತಿ ಕೊಡ್ತಾರ?"

"ಹನ್ನೆರಡು. ಹಾಲು, ಕೋಳಿ ಬ್ಯಾರೆ."

"ಗುಂಡು ಹಾರಸ್ತಾರ?"

"ತಂಡದಾಂವ ಇದ್ರ ಹಾರ್ಸಂಗಿಲ್ಲ."

ಮುತ್ತಪ್ಪ ಸ್ವರ ಇಳಿಸಿದ. "ಸಣ್ಣ ಹುಡುಗೂರು ಅದಾವ?"

"ಒಂದೂ ಇಲ್ಲ."

"ಹಂಗಾರ ಹೋಗ್ತೇನಿ," ಅಂದ ಮುತ್ತಪ್ಪ. ಹದಿನೈದು ವರ್ಷ ಒಂದನೆಯ ಇಯತ್ತೆ ನಡೆಸಿದ್ದ ಮನುಷ್ಯ.

ಕಮತಗಿಯ ಬಸ್‌ಸ್ಟ್ಯಾಂಡಿನಲ್ಲಿ ರೇಣವ್ವ ಮಗನಿಗೆಂದು ಕಟ್ಟಿದ್ದ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಹಿಡಿದುಕೊಂಡು ನಿಂತಿದ್ದಳು. ಟ್ರಂಕು ಹೊತ್ತವನು ಬೇರೆ, ಮಗ ಬರಿಗೈಯಲ್ಲಿ ಹಿಂದೆ ಬರುತ್ತಿದ್ದಾನೆ ಎಂದು ಕಂಡು ಎರಡು ಸಲ ಕಣ್ಣು ಉಜ್ಜಿಕೊಂಡಳು. "ಹೋಗಾಂವ ಇವನೇನು? ಚಲೋ ಆತು ಬಿಡು" ಎಂದು ಮುತ್ತಪ್ಪನ ಹಣೆಗೆ ಬೀರಪ್ಪನ ಭಂಡಾರ ಹಚ್ಚಿ, ಗಂಟು ಕೊಟ್ಟಳು. "ಜ್ವಾಕ್ಯಾಗಿ ಇರು ತಮ್ಮಾ. ಅಲ್ಲಿ ಉಪ್ಪು ತಿನ್ನಾಕ ಬಿಡಂಗಿಲ್ಲಂತ, ಹಿಂಡ್ಯಾಗ ಜರಾ ಹೆಚ್ಚಿಗಿ ಹಾಕೇನಿ." ಬಸ್ಸು ಹೋಯಿತು.

ಪಲ್ಟನ್ನಿನಲ್ಲಿ ಸುಬೇದಾರ ಸಾಹೇಬರು ಶಿಕ್ಕಾ ನೋಡಿದರು. ದುಂಡಗಿತ್ತು. ತೋಳು ಅಳೆದರು. ಹದಿನೇಳೂಕಾಲು ಇತ್ತು. ಆಮೇಲೆ ಮುಖದ ಕಡೆ ಬಹಳ ಹೊತ್ತು ನೋಡಿದರು.

"ಅಮಸಿದ್ದಪ್ಪ, ಮುಖ ಬದಲಾದಂತಿದೆ."

"ಡಯಟ್ಟಿನಿಂದ ಸಾಹೇಬ್," ಎಂದ ಮುತ್ತಪ್ಪ.

ಸುಬೇದಾರರು ಹೌದೆಂದು ತಲೆದೂಗಿದರು. ಕಟ್ಟುನಿಟ್ಟಾಗಿ ಡಯಟ್ಟು ಮಾಡಿದವರ ಮುಖ ಬದಲಾಗುವುದನ್ನು ಅವರೂ ಕೇಳಿದ್ದರು. ಸ್ಪರ್ಧೆಯಲ್ಲಿ ಸಿಪಾಯಿ ಅಮಸಿದ್ದಪ್ಪನಿಗೆ ಎರಡನೆಯ ಸ್ಥಾನ ಬಂತು. ಇತ್ತ ಹುನಗುಂದ ತಾಲೂಕಿನ ಸಾಲಿಯೊಂದರಲ್ಲಿ ಮುತ್ತಪ್ಪ ಮಾಸ್ತರ ಜೂನ್ ಎರಡಕ್ಕೆ ಹಾಜರಾಗಿ, ತುಸು ದಪ್ಪಗಾಗಿದ್ದಾರೆಂದು ಊರವರಿಂದ ಅನ್ನಿಸಿಕೊಂಡು, ಕಳೆಯುವ ಲೆಕ್ಕ ಶುರು ಮಾಡಿದರು. ಆ ಊರಿನ ಮಕ್ಕಳು ಕಳೆಯುವುದರಲ್ಲಿ ಭಾಳ ಮುಂದೆ ಇದ್ದಾರೆ. ಕೂಡಿಸುವುದು ಇನ್ನೂ ಬಂದಿಲ್ಲ.

ಬಸ್ಸು ಹೋದ ಮೇಲಿನದೆಲ್ಲ ನಾನು ಕಟ್ಟಿದ್ದು. ಖರೆ ಏನಾಯಿತೋ ನನಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳುವುದಿಲ್ಲ. ಸುಳ್ಳು ಬರೆದು ದಕ್ಕಿಸಿಕೊಳ್ಳುವುದು ಬೇಡವೆಂದು ಇದನ್ನು ಸಂಗಯ್ಯನವರಿಗೆ ಓದಿ ತೋರಿಸಿದೆ. ಅವರು ಕೊನೆಯವರೆಗೂ ಕೇಳಿ, ಕನ್ನಡಕ ಒರೆಸಿ, "ಇದರಾಗ ಸುಳ್ಳು ಯಾವ ಭಾಗ?" ಅಂದರು.

"ಕೊನಿದ್ರಿ, ಸರ."

"ಅಷ್ಟ ಏನು? ತಾ ಇಲ್ಲೆ," ಅಂದವರೇ, ಖಾನೆಯಿಂದ ಶಿಕ್ಕಾ ತೆಗೆದು, ಬಾಯಿಯ ಹಬೆ ಊದಿ, ಕೊನೆಯ ಸಾಲಿನ ಮೇಲೆ ಒತ್ತಿ ಕೊಟ್ಟರು.